ಕಕ್ಕಡದ ಮಳೆಗೆ ಹಾಕಿದ ಯೂರಿಯಾ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಯೂರಿಯಾಕ್ಕಾಗಿ ರೈತರು ಸಾಲು ನಿಂತ ಚಿತ್ರ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ಸಿಕ್ಕ ಯೂರಿಯಾ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ, ಈಗ ಕೊಡಗಿನ ನಾಪೋಕ್ಲು ಬಳಿ ಐದು ಎಕರೆ ರೊಬಸ್ಟಾ ಕಾಫಿ ತೋಟ ನೋಡಿಕೊಳ್ಳುತ್ತಿರುವವಳು. ಲೆಕ್ಕವನ್ನು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆಯಲ್ಲಿ ಮಾವನವರ ಕಾಲದಿಂದ ಮಳೆಯ ಪುಸ್ತಕವಿದೆ. ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೆಯ ಒಂದು ಭಾಗ) ಬರೆದಿಡುತ್ತೇವೆ. ಅಂಚಿನಲ್ಲಿ ಗೊಬ್ಬರ ಹಾಕಿದ ದಿನವನ್ನೂ ಗುರುತು ಮಾಡುತ್ತೇವೆ. ಕಳೆದ ವರ್ಷ ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಜಡಿಮಳೆಯ ತಿಂಗಳಲ್ಲಿ, ಎರಡು ದಿನ ಬಿಸಿಲು ಕಂಡಿತು. ಅಪರೂಪಕ್ಕೆ ಕೆಲಸದವರೂ ಸಿಕ್ಕಿದರು. ಆರು ಚೀಲ ಯೂರಿಯಾವನ್ನು ಗಿಡಗಳ ಬುಡಕ್ಕೆ ಹಾಕಿಸಿದೆ. ಮೂರನೆಯ ದಿನದ ಸಾಲಿನಲ್ಲಿ ನನ್ನದೇ ಅಕ್ಷರದಲ್ಲಿ ಇದೆ: 4 ಇಂಚು 35 ಸೆಂಟ್. ಮಳೆ ನಿಂತ ಮೇಲೆ ಪಕ್ಕದ ತೋಟದವರು ಬೇಲಿಯಾಚೆಯಿಂದ, ‘ಟೀಚರ್, ನಿಮ್ಮ ಗೊಬ್ಬರ ಕಾವೇರಿಗೆ ಸೇರಿತು’ ಎಂದು ನಕ್ಕರು.

ಹೊಳೆಗೆ ಹೋದದ್ದು ಅವರ ಕಣ್ಣಿಗೆ ಬಿತ್ತು. ಗಾಳಿಗೆ ಹೋದದ್ದು ಯಾರಿಗೂ ಕಾಣಲಿಲ್ಲ. ಯೂರಿಯಾ ಮಣ್ಣಿಗೆ ಬಿದ್ದು ಅಮೋನಿಯಾ ಆಗಿ, ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೇಟ್ ಆಗುತ್ತದೆ. ಮಣ್ಣು ನೀರಿನಲ್ಲಿ ತೊಯ್ದು ಉಸಿರುಗಟ್ಟಿದಾಗ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಆ ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತುಕೊಂಡು ಬದುಕುತ್ತವೆ. ಆಗ ಸಾರಜನಕದ ಜೊತೆಗೆ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ದಂತವೈದ್ಯರು ಬಳಸುವ ‘ನಗೆ ಅನಿಲ’ ಇದೇ. ತರಗತಿಯಲ್ಲಿ ಈ ಹೆಸರು ಹೇಳಿದೊಡನೆ ಮಕ್ಕಳು ನಗುತ್ತಿದ್ದರು. ನಾನೂ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ.

ಈಗ ಲೆಕ್ಕ. 45 ಕೆ.ಜಿ. ಚೀಲದಲ್ಲಿ ಸಾರಜನಕ ಶೇ 46, ಅಂದರೆ 20.7 ಕೆ.ಜಿ. ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಸರಾಸರಿ ಶೇ 1ರಷ್ಟು ನೇರವಾಗಿ ನೈಟ್ರಸ್ ಆಕ್ಸೈಡ್ ಆಗುತ್ತದೆಂಬುದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಅಂದಾಜು. ಮಳೆ ಹೆಚ್ಚಿರುವ ನಾಡಿನಲ್ಲಿ ರಾಸಾಯನಿಕ ಗೊಬ್ಬರಕ್ಕೆ ಶೇ 1.6 ಎನ್ನುತ್ತದೆ. ಕಡಿಮೆಯದನ್ನೇ ಹಿಡಿಯೋಣ. ಚೀಲವೊಂದಕ್ಕೆ ಸುಮಾರು 325 ಗ್ರಾಂ ಅನಿಲ. ಅಷ್ಟೇ ತಾನೆ ಎನ್ನಬೇಡಿ. ನೂರು ವರ್ಷಗಳ ಲೆಕ್ಕದಲ್ಲಿ ಇದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ನನ್ನ ಆರು ಚೀಲಗಳು 530 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ, ಎಂದರೆ ಸುಮಾರು 230 ಲೀಟರ್ ಪೆಟ್ರೋಲ್ ಸುಟ್ಟ ಹೊಗೆಗೆ ಸಮ. ಯೂರಿಯಾ ತಯಾರಿಸಲು ಕಾರ್ಖಾನೆಯಲ್ಲಿ ಉರಿದ ನೈಸರ್ಗಿಕ ಅನಿಲದ ಲೆಕ್ಕ ಇದರಲ್ಲಿಲ್ಲ.

ಹೀಗೆ ಹೋದ ಅನಿಲ ನೂರು ವರ್ಷಕ್ಕೂ ಹೆಚ್ಚು ಕಾಲ ಮೇಲೆಯೇ ಇರುತ್ತದೆ, ಓಜೋನ್ ಪದರವನ್ನೂ ತಿನ್ನುತ್ತದೆ. ಕೈಗಾರಿಕೆಗಳಿಗೆ ಮುಂಚೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಇದರ ಅಣುಗಳು 270 ಇದ್ದವು. 2023ರ ಹೊತ್ತಿಗೆ 336 ದಾಟಿದ್ದವು. ಮನುಷ್ಯರಿಂದ ಹೊರಬೀಳುವುದರಲ್ಲಿ ಮುಕ್ಕಾಲು ಪಾಲು ಕೃಷಿಯದು. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜರಿದದ್ದಕ್ಕೆ ಯೂರಿಯಾ ಕಾರಣ ಎನ್ನುವಷ್ಟು ಅವಿವೇಕ ನನಗಿಲ್ಲ. ಆದರೆ ಮಳೆ ಕೆಟ್ಟಿತು, ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿತು ಎಂದು ಗೊಣಗುವಾಗ ನಮ್ಮ ಚೀಲಗಳನ್ನೂ ಒಮ್ಮೆ ಎಣಿಸಬೇಕು.

ರಾಸಾಯನಿಕ ಗೊಬ್ಬರ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಶ್ರೀಲಂಕಾ 2021ರಲ್ಲಿ ಒಮ್ಮೆಗೇ ನಿಷೇಧಿಸಿ, ಭತ್ತಕ್ಕೂ ಚಹಾಕ್ಕೂ ಪೆಟ್ಟು ಬಿದ್ದು, ಅದೇ ವರ್ಷ ಹಿಂದೆ ಸರಿಯಿತು. ಕೊಟ್ಟಿಗೆ ಗೊಬ್ಬರದಿಂದಲೂ ಈ ಅನಿಲ ಬರುತ್ತದೆ. ಸಾವಯವದ ಸ್ನೇಹಿತರು ಸಿಟ್ಟಾಗಬಾರದು. ನನ್ನ ತಕರಾರು ಪ್ರಮಾಣ ಮತ್ತು ಹೊತ್ತಿನ ಬಗ್ಗೆ. ಒಂದು ಚೀಲ ಯೂರಿಯಾಕ್ಕೆ 266 ರೂಪಾಯಿ 50 ಪೈಸೆ, ಒಂದಾಳಿನ ದಿನಗೂಲಿಗಿಂತ ಅಗ್ಗ. ಪೊಟ್ಯಾಷ್ ದುಬಾರಿ, ಸುಣ್ಣ ಹೊರಿಸುವುದು ತ್ರಾಸ. ಹಾಗಾಗಿ ಕೈ ಯೂರಿಯಾದ ಕಡೆಗೇ ಹೋಗುತ್ತದೆ. ಎಲೆ ಕಪ್ಪುಹಸಿರಾಗಿ ಮಿಂಚಿದರೆ ಕಣ್ಣಿಗೂ ಹಬ್ಬ. ಬೇವು ಲೇಪಿಸಿದ್ದರಿಂದ ಯೂರಿಯಾ ಸ್ವಲ್ಪ ನಿಧಾನವಾಗಿ ನೈಟ್ರೇಟ್ ಆಗುತ್ತದೆ, ನಿಜ. ನಾಲ್ಕು ಇಂಚು ಮಳೆಯ ಎದುರು ಬೇವಿನ ಆಟ ಎಷ್ಟು ಹೊತ್ತು?

ಮಣ್ಣು ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಮಾಡಿಸಿದ್ದೆ. ಫೆಬ್ರುವರಿಯಲ್ಲಿ ಕೊಟ್ಟ ಮಣ್ಣಿನ ವರದಿ ನನ್ನ ಕೈಸೇರಿದ್ದು ಆಗಸ್ಟ್ ಕೊನೆಗೆ, ಚೀಲಗಳು ಖಾಲಿಯಾದ ಮೇಲೆ. ಅದರಲ್ಲಿ ಬರೆದಿತ್ತು: ಸಾವಯವ ಇಂಗಾಲ ಚೆನ್ನಾಗಿದೆ, ಸಾರಜನಕ ಕಡಿಮೆ ಸಾಕು, ಮಣ್ಣು ಹುಳಿಯಾಗಿದೆ, ಸುಣ್ಣ ಹಾಕಿ. ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ: ವರದಿಯನ್ನು ಏಪ್ರಿಲ್ ಒಳಗೆ ಕೊಡಿ. ಗೊಬ್ಬರದ ಸಲಹೆಯಲ್ಲಿ ತಿಂಗಳ ಹೆಸರಿನ ಜೊತೆಗೆ, ಮುಂದಿನ ನಾಲ್ಕು ದಿನದ ಮಳೆ ಮುನ್ಸೂಚನೆ ನೋಡಿ ಹಾಕಿ ಎಂಬ ಒಂದು ಸಾಲು ಸೇರಿಸಿ. ಮರಕ್ಕೆ ಬೆಲೆ ಬರುತ್ತದೆಂದು ತೋಟದ ನೆರಳಿನ ಮರ ಹಾಲುವಾಣವನ್ನು ಕಡಿದು ಸಿಲ್ವರ್ ಓಕ್ ನೆಟ್ಟವರಿಗೂ ಒಂದು ಮಾತು ಹೇಳಿ: ಹಾಲುವಾಣ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ, ಸಿಲ್ವರ್ ಓಕ್ ಕೊಡುವುದಿಲ್ಲ.

ಈ ವರ್ಷ ಕಕ್ಕಡದಲ್ಲಿ ಚೀಲದ ಬಾಯಿ ಬಿಚ್ಚಲಿಲ್ಲ. ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ ಮೂರೇ ಚೀಲ ಹಾಕಿಸುವುದೆಂದು ಇದ್ದೇನೆ. ಹಾಲುವಾಣದ ಕೆಳಗಿನ ಎರಡು ಸಾಲಿಗೆ ಅದೂ ಇಲ್ಲ. ಜನವರಿಯ ಕೊಯ್ಲಿನಲ್ಲಿ ಆ ಸಾಲುಗಳ ಹಣ್ಣನ್ನು ಬೇರೆಯಾಗಿ ತೂಗಿಸಿ, ಮಳೆಯ ಪುಸ್ತಕದಲ್ಲಿ ಬರೆದಿಡುತ್ತೇನೆ. ಕಡಿಮೆ ಬಂದರೂ ನಿಮಗೆ ಪತ್ರ ಬರೆಯುತ್ತೇನೆ.

– ನಿವೃತ್ತ ಶಿಕ್ಷಕಿ, ನಾಪೋಕ್ಲು, ಕೊಡಗು