‘ಶಾಣ್ಯಾ’ ಅನ್ನೋ ಮಾತಿನಿಂದ ಶುರು ಮಾಡು

ಧಾರವಾಡ

ಪ್ರೀತಿಯ ತಂಗಿ,

ನಿನ್ನ ಇಂಗ್ಲಿಷ್ ಲೇಖನ ತಲುಪಿತು. ಜೊತೆಗೆ ಕಳಿಸಿದ ಪದಗಳ ಪಟ್ಟಿಯನ್ನೂ ನೋಡಿದೆ. ಬುದ್ಧಿಗೆ, ಮಾತಿಗೆ ಸಂಬಂಧಪಟ್ಟ ಪದಗಳನ್ನೇ ಆರಿಸಿ, ದಿನಕ್ಕೆ 10ರಂತೆ ಬಾಯಿಪಾಠ ಮಾಡುತ್ತಿದ್ದೀಯಂತೆ. ಶ್ರಮ ದೊಡ್ಡದು. ಆದರೆ ಒಂದೊಂದು ಪದದ ಎದುರಿಗೂ ಒಂದೇ ಅರ್ಥ ಬರೆದುಕೊಂಡಿದ್ದೀಯ. ನನಗೆ ಕಳವಳ ಆಗಿದ್ದು ಅಲ್ಲಿಯೇ.

ನಮ್ಮ ಕಡೆಯ ‘ಶಾಣ್ಯಾ’ ಅನ್ನೋದನ್ನೇ ತಗೋ. ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗನ ಬೆನ್ನು ತಟ್ಟಿ ‘ಭಾಳ ಶಾಣ್ಯಾ ಇದ್ದಾನ’ ಅಂತೇವೆ. ಸಾಲ ತಗೊಂಡು ತಲೆ ತಪ್ಪಿಸಿಕೊಂಡು ತಿರುಗುವವನಿಗೂ ಅದೇ ಮಾತು, ದನಿ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಆ ದನಿಯ ಕೆಲಸವನ್ನು ಬೇರೆಬೇರೆ ಪದಗಳು ಹಂಚಿಕೊಂಡಿವೆ. ಶ್ರೂಡ್ ಅಂದರೆ ಲೆಕ್ಕಾಚಾರದ ಬುದ್ಧಿ, ವ್ಯಾಪಾರಿಗೆ ಒಪ್ಪುತ್ತದೆ. ಕನಿಂಗ್ ಅಂದರೆ ಮೋಸದ ವಾಸನೆ ಬಂತು. ಎರುಡೈಟ್ ಅಂದರೆ ಬಹಳ ಓದಿಕೊಂಡವನು. ಒರಟುತನ ಕಳೆಯುವುದು ಎಂಬುದು ಅದರ ಲ್ಯಾಟಿನ್ ಮೂಲ. ಅಷ್ಟು ಓದಿದವನು ಶಾಣ್ಯಾನೂ ಇರಬೇಕು ಅಂತೇನಿಲ್ಲ, ಅಲ್ವಾ?

ನಾನು ಹೊಸದಾಗಿ ಬರೆಯುತ್ತಿದ್ದಾಗ ನನಗೆ ಕಲಿಸಿದ ಮಾಸ್ತರರ ಬಗ್ಗೆ ಇಂಗ್ಲಿಷಿನಲ್ಲಿ ಸಣ್ಣ ಲೇಖನ ಬರೆದಿದ್ದೆ. ಅವರು ಮಾತಿಗೆ ನಿಂತರೆ ಕೇಳುತ್ತಲೇ ಇರಬೇಕು ಅನಿಸುತ್ತಿತ್ತು. ಎಲೊಕ್ವೆಂಟ್ ಅನ್ನಬೇಕಿತ್ತು. ಲೊಕ್ವೇಶಸ್ ಅಂತ ಬರೆದೆ. ಎರಡೂ ಹುಟ್ಟಿದ್ದು ‘ಮಾತಾಡು’ ಎಂಬ ಒಂದೇ ಲ್ಯಾಟಿನ್ ಧಾತುವಿನಿಂದ. ನನ್ನ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಇದ್ದವು. ಆದರೆ ಮೊದಲನೆಯದು ಮಾತಿನ ಸೊಗಸು, ಎರಡನೆಯದು ವಾಚಾಳಿತನ. ಮಾಸ್ತರರು ಓದಿದರು. ಪತ್ರಿಕೆ ಮಡಚಿ ನನ್ನ ಕೈಗೆ ಕೊಟ್ಟು, ‘ನಾ ಅಷ್ಟು ಮಾತಾಡ್ತೀನೇನಪಾ?’ ಅಂದರು. ಆಮೇಲೆ ಆ ಸಂಜೆ ಅವರು ಬಾಯಿ ತೆರೆಯಲಿಲ್ಲ. ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅವತ್ತಿನಿಂದ ಪಟ್ಟಿ ಬಿಟ್ಟೆ. ಹೊಸ ಪದ ಸಿಕ್ಕರೆ, ಇದನ್ನು ಯಾರಿಗೆ ಅನ್ನಬಹುದು ಅಂತ ನೋಡುತ್ತೇನೆ. ನಮ್ಮಪ್ಪ ಟ್ಯಾಸಿಟರ್ನ್. ಊಟಕ್ಕೆ ಕೂತರೂ ಅಷ್ಟೇ, ಹೊಲದಲ್ಲೂ ಅಷ್ಟೇ, ಒಂದು ‘ಹೂಂ’. ನಮ್ಮ ಅತ್ತೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಮನೆ ಪಾಲಾದ ವಿಷಯ ಬಂತೋ, ಎದ್ದು ರೊಟ್ಟಿ ಬಡಿಯಲು ಹೋಗಿಬಿಡುತ್ತಿದ್ದಳು. ಆ ವಿಷಯದಲ್ಲಿ ಅವಳು ರೆಟಿಸೆಂಟ್. ನಿನ್ನ ಪಟ್ಟಿಯಲ್ಲಿ ಈ ಎರಡೂ ಪದಕ್ಕೆ ‘ಕಡಿಮೆ ಮಾತಾಡುವ’ ಅಂತಿದೆ. ಅಪ್ಪನನ್ನೂ ಅತ್ತೆಯನ್ನೂ ನೋಡಿದವರು ಹಾಗೆ ಬರೆಯಲಾರರು.

ಟರ್ಸ್ ಅನ್ನೋ ಪದ ನನಗೆ ಬಹಳ ಇಷ್ಟ. ಒರೆಸಿ ಚೊಕ್ಕ ಮಾಡಿದ್ದು ಅಂತ ಅದರ ಹಳೆಯ ಅರ್ಥ. ಮೊರದಲ್ಲಿ ಜೋಳ ಹಸನು ಮಾಡಿದ ಹಾಗೆ. ಬರವಣಿಗೆಗೆ ಅಂದರೆ ಹೊಗಳಿಕೆ. ಯಾರದೋ ಉತ್ತರ ಟರ್ಸ್ ಆಗಿತ್ತು ಅಂದರೆ ಮಾತ್ರ, ಮುಖ ಗಂಟು ಹಾಕಿಕೊಂಡು ಹೇಳಿದ ಹಾಗೆ ಕೇಳುತ್ತದೆ.

ಇನ್ನೊಂದು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹತ್ತಿರ ಇಟ್ಟುಕೋ. 1894ರದ್ದು. ಅವರು ನಮ್ಮ ಧಾರವಾಡದಲ್ಲೂ ಇದ್ದವರು. ಗಾದೆಗಳನ್ನೂ ಸೇರಿಸಿದ್ದಾರೆ. ನಿನಗೆ ಗೊತ್ತಿರುವ ಕನ್ನಡ ಪದ ತೆಗೆದು, ಇಂಗ್ಲಿಷಿನಲ್ಲಿ ಏನೇನು ಕೊಟ್ಟಿದ್ದಾರೆ ನೋಡು. ಆ ಇಂಗ್ಲಿಷ್ ಹಳೆಯದು, ಹಾಗಾಗಿ ಈಗಿನ ನಿಘಂಟಿನಲ್ಲಿ ಒಮ್ಮೆ ಹೊಂದಿಸಿಕೋ.

ಈಗ ನಿನ್ನ ಲೇಖನದ ಮಾತು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತು ಕಥೆ ಹೇಳುತ್ತಿದ್ದ ನಿಮ್ಮಜ್ಜನನ್ನು ಗ್ಯಾರುಲಸ್ ಅಂದಿದ್ದೀಯ. ಅದು ಬೇಡದ ಹರಟೆ ಎಳೆಯುವವರಿಗೆ ಅನ್ನೋ ಮಾತು. ನೀನೇ ಮುಂದಿನ ಸಾಲಿನಲ್ಲಿ, ಕಥೆ ಕೇಳಲು ಓಣಿಯ ಮಕ್ಕಳೆಲ್ಲ ಊಟ ಬಿಟ್ಟು ಬರುತ್ತಿದ್ದರು ಅಂತ ಬರೆದಿದ್ದೀಯ. ಆ ಪದ ತೆಗೆದುಬಿಡು. ಅದರ ಜಾಗಕ್ಕೆ ದೊಡ್ಡ ಪದ ಹುಡುಕಬೇಡ, ಮಕ್ಕಳು ಬರುತ್ತಿದ್ದ ಸಾಲೇ ಸಾಕು. ತಿದ್ದಿ ಇನ್ನೊಮ್ಮೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ