ಪಾಂಟೂನ್ ಮಗುಚುವುದಿಲ್ಲ ಎಂಬ ಮಾತು ನಂಬಿ ದುಡ್ಡು ಕೊಡಬೇಡಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಡ್ಯಾಂಗೆ ಒಳಹರಿವು ಶುರುವಾಯಿತೆಂದರೆ ಕೊಪ್ಪಳ ಕಡೆಯ ಹಿನ್ನೀರಿನ ದಂಡೆಯಲ್ಲಿ ದೋಣಿ ಕೊಳ್ಳುವವರ ವಿಚಾರಣೆಯೂ ಏರುತ್ತದೆ. ಹರಿಗೋಲಿನ ಸೀಮೆಯಲ್ಲಿ ಈಗ ಪಾಂಟೂನ್ ದೋಣಿಯ ಮಾತು. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಮೇಲೆ ಹಲಗೆಯ ಅಟ್ಟ, ಸುತ್ತ ಕಟಾಂಜನ, ನೆರಳಿಗೆ ತಾಡಪತ್ರಿ, ಹಿಂದೆ ಹೊರಗೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್. ನಿಂತರೆ ಅಲುಗಾಡದು, ಮುದುಕರೂ ಮಕ್ಕಳೂ ಸಲೀಸಾಗಿ ಹತ್ತುತ್ತಾರೆ. ‘ಇದು ಮಗುಚೋ ಮಾತೇ ಇಲ್ಲ ಬಿಡ್ರಿ’ ಅನ್ನುತ್ತಾರೆ ಮಾರುವವರು. ಮೊದಲ ಸಲ ಕೊಳ್ಳುವವರು ಈ ಮಾತನ್ನು ಕೊಳವೆಯ ಅಳತೆಯ ಜೊತೆ ತೂಗಿ ನೋಡಬೇಕು.

25 ಇಂಚು ವ್ಯಾಸ, 20 ಅಡಿ ಉದ್ದದ ಒಂದು ಕೊಳವೆಯ ಒಳಗಾತ್ರ ಸುಮಾರು 1,900 ಲೀಟರ್. ಅಂದರೆ ಪೂರ್ತಿ ಮುಳುಗಿದಾಗ ಅದು ಹೊರುವುದು 1,900 ಕೆ.ಜಿ., ಎರಡೂ ಸೇರಿ 3,800. ದೋಣಿಯ ಸ್ವಂತ ತೂಕ, ಎಂಜಿನ್, ಬ್ಯಾಟರಿ, ಪೆಟ್ರೋಲ್ ಸೇರಿ 1,000 ಕೆ.ಜಿ. ಎಂದಿಟ್ಟುಕೊಳ್ಳಿ. ತಲೆಗೆ 70 ಕೆ.ಜಿ.ಯಂತೆ ಹತ್ತು ಮಂದಿ ಕುಳಿತರೆ ಒಟ್ಟು 1,700. ಕೊಳವೆಗಳು ಅರ್ಧಕ್ಕಿಂತ ತುಸು ಕಡಿಮೆ ಮುಳುಗುತ್ತವೆ. ಹೀಗೇ ಇರಬೇಕು. ಈಗ ಇಪ್ಪತ್ತು ಮಂದಿ ಹತ್ತಿದರೆನ್ನಿ, ಒಟ್ಟು 2,400. ಆಗಲೂ ದೋಣಿ ತೇಲುತ್ತದೆ, ನೋಡಲು ಏನೂ ಆಗಿಲ್ಲವೆನ್ನುವಂತಿರುತ್ತದೆ. ಯಾರೋ ಒಬ್ಬರು ‘ಮೊಸಳೆ!’ ಅಂದರು, ಅಷ್ಟೂ ಜನ ಮೊಬೈಲ್ ಹಿಡಿದು ಒಂದೇ ಕಟಾಂಜನಕ್ಕೆ ನುಗ್ಗಿದರು. ಆ ಬದಿಯ ಕೊಳವೆಯ ಮೇಲೆ ದೋಣಿಯ ಅರ್ಧ ತೂಕ 500, ಜನರದು 1,400, ಕೂಡಿದರೆ 1,900. ಕೊಳವೆ ಪೂರ್ತಿ ಒಳಗೆ ಹೋಯಿತು, ಅಟ್ಟಕ್ಕೆ ನೀರು ಬಂತು. ಕಟಾಂಜನ ಕೊಳವೆಯ ನಡುಗೆರೆಗಿಂತ ಹೊರಗಿದ್ದರೆ ಇಪ್ಪತ್ತು ಜನವೂ ಬೇಕಾಗುವುದಿಲ್ಲ. ನಡುವೆ ಮೂರನೆಯ ಕೊಳವೆ ಇದ್ದರೆ ಹೊರೆ ಹೊರಲು ಅನುಕೂಲವೇ, ಆದರೆ ಒಂದು ಪಕ್ಕಕ್ಕೆ ವಾಲುವುದನ್ನು ಅದು ತಡೆಯುವುದು ಅಷ್ಟಕ್ಕಷ್ಟೇ.

ಆದ್ದರಿಂದ ಎಷ್ಟು ಸೀಟು ಎಂದು ಕೇಳುವ ಮೊದಲು ಕೊಳವೆಯ ವ್ಯಾಸ ಕೇಳಿ. ದೋಣಿ ಮನೆಗೆ ಬಂದ ದಿನವೇ ಎರಡೂ ಕೊಳವೆಗಳ ಹೊರಮೈಯಲ್ಲಿ, ಮುಂದೊಂದು ಹಿಂದೊಂದು, ಸರಿಯಾಗಿ ಅರ್ಧ ಎತ್ತರಕ್ಕೆ ಕೆಂಪು ಬಣ್ಣದ ಗೆರೆ ಎಳೆಯಿರಿ. ಜನ ಕುಳಿತ ಮೇಲೆ ಗೆರೆ ನೀರೊಳಗೆ ಹೋಯಿತೋ, ಒಬ್ಬಿಬ್ಬರು ಇಳಿಯಲೇಬೇಕು. ಲೈಫ್ ಜಾಕೆಟ್ ಮೈಮೇಲಿರಬೇಕು. ಸೀಟಿನ ಕೆಳಗೆ ಕಟ್ಟಿಟ್ಟ ಜಾಕೆಟ್ ಯಾರಿಗೂ ಒದಗುವುದಿಲ್ಲ.

ಖರ್ಚು ಉಳಿಸಲು ಊರ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ತಗಡಿನಿಂದ ಕೊಳವೆ ಮಾಡಿಸುವವರಿದ್ದಾರೆ. 3 ಮಿ.ಮೀ. ಎಂ.ಎಸ್. (ಮೆದು ಉಕ್ಕು) ತಗಡಿನ ಇದೇ ಅಳತೆಯ ಕೊಳವೆ 280 ಕೆ.ಜಿ. ದಾಟುತ್ತದೆ. 2.5 ಮಿ.ಮೀ. ಅಲ್ಯೂಮಿನಿಯಂದು 80ರ ಆಸುಪಾಸು. ಎರಡು ಕೊಳವೆಗೆ 400 ಕೆ.ಜಿ. ವ್ಯತ್ಯಾಸ, ಅಂದರೆ ಐದಾರು ಜನರ ಜಾಗ ತಗಡೇ ನುಂಗಿತು. ಅಲ್ಯೂಮಿನಿಯಂನಲ್ಲೇ ಮಾಡಿಸುವುದಾದರೆ 5052 ದರ್ಜೆಯ ತಗಡು ಕೇಳಿ, ಆರ್ಗಾನ್ ವೆಲ್ಡಿಂಗ್ ಬಲ್ಲವರ ಕೈಗೆ ಕೊಡಿ. ಒಳಗೆ ಅಡ್ಡಗೋಡೆ ಹಾಕಿಸಿ ಕೊಳವೆಯನ್ನು ಕನಿಷ್ಠ ಮೂರು ಕೋಣೆ ಮಾಡಿಸಿ. ಒಂದು ತೂತಾದರೂ ಉಳಿದೆರಡು ತೇಲಿಸುತ್ತವೆ. ತಾಮ್ರ ಬೆರೆತ ಬಣ್ಣವನ್ನು ಅಲ್ಯೂಮಿನಿಯಂಗೆ ಬಳಿಯಲೇಬೇಡಿ. ನೀರಿನಲ್ಲಿ ಎರಡು ಲೋಹ ಸೇರಿದರೆ ಅಲ್ಯೂಮಿನಿಯಂ ಸವೆದು ಚುಕ್ಕೆ ಚುಕ್ಕೆ ತೂತು ಬೀಳುತ್ತದೆ.

ಹಳೆಯ ದೋಣಿ ಕೊಳ್ಳುವವರು ಬಣ್ಣ, ಸೋಫಾ ನೋಡಿ ಮರುಳಾಗದೆ ಮೊದಲು ಕೊಳವೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಖಾಲಿ ಕೋಣೆ ಕೊಡ ಬಾರಿಸಿದಂತೆ ಗಂಯ್ ಎನ್ನುತ್ತದೆ, ನೀರು ಕುಡಿದದ್ದು ದೊಬ್ ಎನ್ನುತ್ತದೆ. ಹಿಂತುದಿಯಲ್ಲಿ ಡ್ರೈನ್ ಬೂಚು ಇದ್ದರೆ ಬಿಚ್ಚಿ ನೋಡಿ. ಒಂದು ಲೋಟದಷ್ಟು ನೀರು ಬೆವರಿನದು, ಬಕೆಟ್‌ಗಟ್ಟಲೆ ಬಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಬೂಚಿನ ತೂತಿಗೆ ವಾಲ್ವ್ ಕೂಡಿಸಿ ಸೈಕಲ್ ಪಂಪಿನಿಂದ 2 ಪಿ.ಎಸ್.ಐ. ಗಾಳಿ ತುಂಬಿ ಸಾಬೂನು ನೀರು ಬಳಿದರೆ ಬಿರುಕಿನ ಜಾಗದಲ್ಲಿ ಗುಳ್ಳೆ ಏಳುತ್ತದೆ. ಹೆಚ್ಚಾಗಿ ಅದು ಅಟ್ಟದ ಬ್ರಾಕೆಟ್ ಕೂಡುವಲ್ಲಿ ಸಿಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಇಲ್ಲದ ಬಿರುಕೂ ಬಿಡುತ್ತದೆ.

ಓಡಿಸುವಾಗ ಹೊಸಬರು ಎಡವುವುದು ಮೂತಿಯ, ಅಂದರೆ ದೋಣಿಯ ಮುಂತುದಿಯ ವಿಷಯದಲ್ಲಿ. ಆಷಾಢದ ಗಾಳಿಗೆ ಹಿನ್ನೀರಿನಲ್ಲಿ ಒಳ್ಳೆಯ ಅಲೆ ಏಳುತ್ತದೆ. ಮುಂದಿನ ಸೀಟಿನಲ್ಲಿ ಐದಾರು ಮಂದಿ, ಎದುರಿಗೆ ಅಲೆ, ಚಾಲಕ ಗಾಬರಿಯಿಂದ ಥ್ರಾಟಲ್ ಪೂರಾ ಇಳಿಸಿದ. ಎತ್ತಿಕೊಂಡಿದ್ದ ಮೂತಿ ಧಪ್ ಎಂದು ಕುಸಿದು ಅಲೆಯ ಕೆಳಗೆ ನುಗ್ಗುತ್ತದೆ, ನೀರು ಅಟ್ಟದ ಮೇಲೆ ಹರಿದು ಕುಳಿತವರನ್ನೇ ಎಳೆದೊಯ್ಯಬಹುದು. ಅಲೆ ಇದ್ದಾಗ ಜನರನ್ನು ಹಿಂದಕ್ಕೆ ಕೂರಿಸಿ, ವೇಗವನ್ನು ಮುಂಚೆಯೇ ನಿಧಾನಕ್ಕೆ ಇಳಿಸಿ, ಅಲೆಯನ್ನು ತುಸು ಓರೆಯಾಗಿ ಹಾಯಿರಿ, ಮೂತಿ ಎದ್ದಿರುವಷ್ಟು ಥ್ರಾಟಲ್ ಉಳಿಸಿಕೊಳ್ಳಿ. ಇನ್ನೊಂದು ಮಾತು, ನೆರಳಿನ ತಾಡಪತ್ರಿ ಗಾಳಿಗೆ ಹಾಯಿಪಟವೇ ಆಗುತ್ತದೆ. ಮುಂಗಾರಿನ ಗಾಳಿ ಬೀಸುವುದು ನೈರುತ್ಯದಿಂದ, ಎಂಜಿನ್ ಕೈಕೊಟ್ಟರೆ ದೋಣಿ ತೇಲಿ ಹೋಗುವುದು ಡ್ಯಾಂ ಕಡೆಗೆ. ಅದಕ್ಕೇ ಲಂಗರು ಸಾಮಾನಿನಡಿ ಹೂತಿರದೆ ಮೂತಿಯಲ್ಲೇ ಕೈಗೆ ಸಿಗುವಂತಿರಲಿ, ಹಗ್ಗ ನೀರಿನ ಆಳದ ಐದರಷ್ಟಿರಲಿ. ಹಿಂಬದಿಯಿಂದ ಲಂಗರು ಬಿಟ್ಟರೆ ಎಂಜಿನ್ ಭಾರದ ಜೊತೆ ಅಲೆಯೂ ಸೇರಿ ಹಿಂಭಾಗ ಮುಳುಗುತ್ತದೆ.

ಎಂಜಿನ್ ‘ಹತ್ತು ನಿಮಿಷ ಓಡಿ ನಿಲ್ತದ’ ಎಂಬ ದೂರಿನಲ್ಲಿ ಮೊದಲು ನೋಡಬೇಕಾದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು. ಅದು ಬಿಗಿದಿದ್ದರೆ ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲ್ ಎಳೆಯುವುದು ನಿಲ್ಲುತ್ತದೆ. ಎಂಜಿನ್ ಶುರುವಾದೊಡನೆ ಅದನ್ನು ತಂಪಾಗಿಸುವ ನೀರು ಪಕ್ಕದಿಂದ ಸಣ್ಣ ಧಾರೆಯಾಗಿ ಚಿಮ್ಮಬೇಕು. ಇಲ್ಲವಾದರೆ ಆ ಕ್ಷಣವೇ ಬಂದ್ ಮಾಡಿ. ಜುಲೈನ ಕೆಂಪು ನೀರಿನ ಮರಳು ಆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು (ನೀರು ತಳ್ಳುವ ಚಕ್ರ) ಬೇಗ ತಿನ್ನುತ್ತದೆ, ಒಂದನ್ನು ಕೊಂಡೇ ಇಟ್ಟುಕೊಳ್ಳಿ. ನಮ್ಮ ಹಿನ್ನೀರಿನಲ್ಲಿ ಬಲೆಗಳಿಗೆ ಬರವಿಲ್ಲ. ಪ್ರೊಪೆಲ್ಲರ್‌ಗೆ ಸುತ್ತಿದ ನೈಲಾನ್ ದಾರ ಒಳಗೆ ಸರಿದು ಶಾಫ್ಟಿನ ಸೀಲು ಕೊಯ್ಯುತ್ತದೆ, ಗೇರ್ ಪೆಟ್ಟಿಗೆಗೆ ನೀರು ಸೇರುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದೇ ಕಾರಣ. ಬಂಕಿನ 20 ಪ್ರತಿಶತ ಎಥನಾಲ್ ಪೆಟ್ರೋಲ್ ತೇವ ಹೀರುತ್ತದೆ, ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳು ಒಪ್ಪುವುದು 10ರವರೆಗೆ ಮಾತ್ರ. ಕೈಪಿಡಿ ನೋಡಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ಆರಿಸುವ ಕೆಂಪು ದಾರವನ್ನು ಅವನು ಕೈಗೆ ಕಟ್ಟಿಕೊಂಡೇ ಕೂರಬೇಕು.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರ ಒಳನಾಡು ಹಡಗು ಕಾಯ್ದೆಯಂತೆ ಎಂಜಿನ್ ದೋಣಿಗೆ ತಪಾಸಣೆ ಮತ್ತು ನೋಂದಣಿ ಇದೆ. ಜಲಾಶಯದಲ್ಲಿ ಇಳಿಸುವ ಒಪ್ಪಿಗೆಯ ಮಾತನ್ನೂ ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ. ಇನ್ನು ಸಾಣಾಪುರ ಕೆರೆಯಂಥ, ಬಂಡೆಗಳ ನಡುವಿನ ಸಣ್ಣ ನೀರಿಗೆ ಪಾಂಟೂನ್ ಯಾಕಾದರೂ ಬೇಕು? ಅಲ್ಲಿಗೆ ಹರಿಗೋಲೇ ಸೈ.

ಕೊನೆಗೆ ಕಟ್ಟುವ ಹಗ್ಗ. ಜಲಾಶಯದ ಪೂರ್ಣಮಟ್ಟ 1,633 ಅಡಿ, ಬೇಸಿಗೆಗೆ ಅಲ್ಲಿಂದ 50 ಅಡಿ ಇಳಿಯುವುದು ಅಪರೂಪವಲ್ಲ. ಒಂದು ಲಕ್ಷ ಕ್ಯೂಸೆಕ್ ಒಳಹರಿವಿದ್ದರೆ ದಿನಕ್ಕೆ 8.64 ಟಿ.ಎಂ.ಸಿ. ನೀರು ಬಂದು ಸೇರುತ್ತದೆ. ರಾತ್ರಿ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದ ದೋಣಿಯ ಮೂತಿಯನ್ನು, ನೀರು ಏರಿದಂತೆ, ಆ ಹಗ್ಗವೇ ಬೆಳಗಾಗುವಷ್ಟರಲ್ಲಿ ಕೆಳಕ್ಕೆ ಎಳೆದಿರುತ್ತದೆ. ಇಳಿಯುವ ಕಾಲದಲ್ಲಿ ಇದರ ತಿರುಗು ಮುರುಗು. ದೋಣಿ ಕಲ್ಲಿನ ಮೇಲೆ ಕೂತು ಕೊಳವೆ ನಗ್ಗುತ್ತದೆ. ದಂಡೆಯಲ್ಲಿ ಎತ್ತರದ ಗಟ್ಟಿ ಮರ ನೋಡಿ ಉದ್ದ ಹಗ್ಗ ಬಿಡಿ, ದೋಣಿಯ ಇನ್ನೊಂದು ತುದಿಗೆ ನೀರಿನ ಕಡೆ ಲಂಗರು ಹಾಕಿ, ದಿನಕ್ಕೆರಡು ಸಲ ಸಡಿಲಿಸಿ ಬಿಗಿಯಿರಿ. ಮಾರ್ಚ್ ಆದಮೇಲೆ ಮುಳುಗಡೆ ಊರುಗಳ ಹಳೆಯ ಗೋಡೆ, ಮರದ ಬೊಡ್ಡೆ ನೀರಿನ ಮಟ್ಟಕ್ಕೆ ಬರುತ್ತವೆ. ಆಗ ಮೀನುಗಾರರನ್ನು ದಾರಿ ಕೇಳದೆ ದಂಡೆ ಬಿಡಬೇಡಿ.

ಇತಿ,
ದೋಣಿ ದುರಸ್ತಿ ಕೆಲಸದವರು,
ಮುನಿರಾಬಾದ್, ಕೊಪ್ಪಳ ಜಿಲ್ಲೆ