ನಿದ್ದೆಗೆ ಗುಳಿಗೆಯೇ ಮೊದಲ ಮದ್ದಲ್ಲ

ಮಾನ್ಯರೆ,

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಹಗಲಿನ ಕೆಲಸಕ್ಕೂ ಪೆಟ್ಟು ಬಿದ್ದು, ಮೂರು ತಿಂಗಳು ಹೀಗೇ ನಡೆದರೆ ಅದು ದೀರ್ಘಕಾಲದ ನಿದ್ರಾಹೀನತೆ. ನಮ್ಮ ರಾಯಚೂರು ಭಾಗದಲ್ಲಿ ಹಲವರು ನೇರ ಮೆಡಿಕಲ್ ಅಂಗಡಿಗೆ ಹೋಗಿ ಗುಳಿಗೆ ಕೇಳುತ್ತಾರೆ. ಅಮೆರಿಕದ ಫಿಸಿಶಿಯನ್ನರ ಕಾಲೇಜು 2016ರಲ್ಲೇ ವಯಸ್ಕರಿಗೆ ಮೊದಲ ಚಿಕಿತ್ಸೆಯೆಂದು ಹೇಳಿದ್ದು ಗುಳಿಗೆಯನ್ನಲ್ಲ, ನಿದ್ದೆಯ ಕುರಿತ ಯೋಚನೆ, ರೂಢಿಗಳನ್ನು ತಿದ್ದುವ ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆಯನ್ನು.

ನಿದ್ದೆ ಬಾರದವರು ರಾತ್ರಿ ಒಂಬತ್ತಕ್ಕೇ ಮಲಗಿ ಬೆಳಿಗ್ಗೆ ಏಳರವರೆಗೆ ಹಾಸಿಗೆ ಬಿಡುವುದಿಲ್ಲ. ಹತ್ತು ತಾಸಿನಲ್ಲಿ ಆರು ತಾಸು ನಿದ್ದೆ, ನಾಲ್ಕು ತಾಸು ಹೊರಳಾಟ. ಹಾಸಿಗೆಯೆಂದರೆ ಎಚ್ಚರವಿರುವ ಜಾಗವೆಂದು ಮೆದುಳು ರೂಢಿ ಮಾಡಿಕೊಳ್ಳುತ್ತದೆ. ಆದ್ದರಿಂದ ಈ ಚಿಕಿತ್ಸೆಯಲ್ಲಿ ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡಬೇಕು. ಮಲಗಿದ್ದು, ನಿದ್ದೆ ಹತ್ತಿದ್ದು, ಎದ್ದದ್ದು ಎರಡು ವಾರ ಬರೆದಿಡಿ. ಸರಾಸರಿ ನಿದ್ದೆ ಆರು ತಾಸಾದರೆ, ಐದೂವರೆಗೆ ಏಳುವುದೆಂದು ಗೊತ್ತುಮಾಡಿ ಹನ್ನೊಂದೂವರೆಗೆ ಮಲಗಿ. ಮಾಳಿಗೆ ಕಾದಿರುವ ಮೇ ತಿಂಗಳಲ್ಲಿ ತಡವಾಗಿ ಮಲಗುವುದು ಹೇಗೂ ಹಿತ. ಹಾಸಿಗೆಯ ಹೊತ್ತನ್ನು ಐದು ತಾಸಿಗಿಂತ ಕೆಳಗೆ ಇಳಿಸಬೇಡಿ. ಅಂದಾಜು 20 ನಿಮಿಷ ನಿದ್ದೆ ಹತ್ತದಿದ್ದರೆ ಎದ್ದು ಬೇರೆಡೆ ಕುಳಿತುಕೊಳ್ಳಿ, ಮೊಬೈಲ್ ಮುಟ್ಟಬೇಡಿ. ವಾರದುದ್ದಕ್ಕೂ ಮಲಗಿದ ಹೊತ್ತಿನ ಶೇ 85ಕ್ಕೂ ಹೆಚ್ಚು ನಿದ್ದೆಯಾದರೆ 15 ನಿಮಿಷ ಮುಂಚೆ ಮಲಗಬಹುದು.

ಮೊದಲ ಎರಡು ವಾರ ಹಗಲು ತೂಕಡಿಕೆ ಹೆಚ್ಚುತ್ತದೆ. ಕೈಬಿಡುವವರು ಬಿಡುವುದು ಇಲ್ಲೇ. ಇಲ್ಲವೇ ಭಾನುವಾರ ತಡವಾಗಿ ಎದ್ದು ಲೆಕ್ಕ ಕೆಡಿಸಿಕೊಳ್ಳುತ್ತಾರೆ. ಲಾರಿ ಚಾಲಕರು, ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಇರುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಲೇಬಾರದು. ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿಯ ಪಾಳಿ ಕೆಲಸಗಾರರಿಗೆ ಬೇರೆ ಲೆಕ್ಕ ಬೇಕು. ಗೊರಕೆಯ ನಡುವೆ ಉಸಿರು ಕಟ್ಟಿದರೆ ಅದು ಬೇರೆ ಕಾಯಿಲೆ. ರಾತ್ರಿ ಕಾಲು ಆಡಿಸದೆ ಇರಲಾಗದಿದ್ದರೆ ರಕ್ತದಲ್ಲಿ ಫೆರಿಟಿನ್ (ದೇಹದ ಕಬ್ಬಿಣಾಂಶದ ಸಂಗ್ರಹ ತೋರಿಸುವ ಅಂಶ) ನೋಡಿಸಿ.

ನಿದ್ದೆಗೆಂದು ತಿಂಗಳುಗಟ್ಟಲೆ ಆಲ್ಪ್ರಜೋಲಂ ಗುಳಿಗೆ ನುಂಗಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲೇ ಹಂತಹಂತವಾಗಿ ಇಳಿಸಬೇಕು. ಆಲ್ಪ್ರಜೋಲಂ, ಇನ್ನೊಂದು ನಿದ್ದೆ ಗುಳಿಗೆ ಜೋಲ್ಪಿಡೆಂ ಎರಡೂ ಎಚ್1 ಪಟ್ಟಿಯ ಔಷಧಗಳು: ಚೀಟಿ ಇಲ್ಲದೆ ಮಾರುವಂತಿಲ್ಲ, ಬರೆದ ವೈದ್ಯರು, ರೋಗಿ, ಔಷಧ, ಪ್ರಮಾಣ ರಿಜಿಸ್ಟರಿನಲ್ಲಿ ದಾಖಲಾಗಿ ಮೂರು ವರ್ಷ ಇರಬೇಕು. ಔಷಧ ನಿಯಂತ್ರಣ ಅಧಿಕಾರಿಗಳು ಈ ರಿಜಿಸ್ಟರ್‌ಗಳನ್ನು ನಿಜಕ್ಕೂ ತೆರೆದು ನೋಡಲಿ. ಲಿಂಗಸುಗೂರು, ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ನರ್ಸ್‌ಗಾದರೂ ಈ ಚಿಕಿತ್ಸೆಯ ತರಬೇತಿ ಸಿಗಲಿ. ಇದಕ್ಕೆ ಯಂತ್ರ ಬೇಡ, ನಿದ್ದೆಯ ದಿನಚರಿ ಬರೆಯುವ ಹಾಳೆ ಸಾಕು. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

– ಆಪ್ತಸಮಾಲೋಚಕರು, ರಾಯಚೂರು